ಏರಿ ಬೆವರಿದ ಶುಕ್ರವಾರ

ಸೆಕ್ಷನ್ ವಸತಿ, ಮೂಡಲಕೊಪ್ಪಲು,
ಮದ್ದೂರು ತಾಲ್ಲೂಕು.
ಭಾನುವಾರ, ೧೪ ನವೆಂಬರ್ ೧೯೩೭

ಯಜಮಾನರ ಸನ್ನಿಧಿಗೆ ಪಂಕಜಳ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು. ಬರೆದಿದ್ದೇನೆ ಎಂದೇ ತಿಳಿದುಕೊಳ್ಳಿ.

ನಿಮ್ಮ ಕಾಗದ ಬುಧವಾರ ತಲುಪಿತು. ಮೂರೇ ಸಾಲು. ಗುರುವಾರದ ವಿಚಾರಣೆಗೆ ನಾನು ಹೋಗಕೂಡದು, ನಮ್ಮ ಮನೆಯ ಹೆಂಗಸರು ಅಧಿಕಾರಿಗಳ ಮುಂದೆ ನಿಲ್ಲುವವರಲ್ಲ. ಮನೆಗೆ ಬೀಗ ಹಾಕಿ ಕಸ್ತೂರಿರಂಗನ ಜೊತೆ ಮದ್ದೂರಿನಲ್ಲಿ ರೈಲು ಹತ್ತಿ ಮೈಸೂರಿಗೆ ಬರಬೇಕು. ಮೇಲುಕೋಟೆಯ ಸಂಬಂಧಕ್ಕೆ ನನ್ನ ಅಡ್ಡಿಯಿಲ್ಲ ಎಂದು ಅತ್ತೆಯವರಿಗೆ ಬರೆದುಕೊಡಬೇಕು. ನಿಮ್ಮ ತಮ್ಮ ಕಸ್ತೂರಿರಂಗ ಅವತ್ತೇ ಬಂದ. ಊಟ ಬಡಿಸಿ ಒಬ್ಬನನ್ನೇ ವಾಪಸು ಕಳಿಸಿದೆ. ಅವನ ಮೇಲೆ ಕೋಪ ಬೇಡ. ಅತ್ತಿಗೆ, ಅಣ್ಣ ಬೈತಾನೆ ಎಂದು ಜಗಲಿಯ ಮೇಲೆ ಒಂದು ಗಂಟೆ ಕೂತಿದ್ದ.

ನಾನು ವಿಚಾರಣೆಗೆ ಹೋದೆ. ಅಲ್ಲಿ ಏನು ನಡೆಯಿತು ಎಂದು ಬೇರೆಯವರ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಮೊದಲಿನಿಂದ ಸಾಲಾಗಿ ಬರೆಯದಿದ್ದರೆ ಈಚೆಗೆ ನನಗೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ತಿಂದರೂ ಗೊತ್ತಾಗುವುದಿಲ್ಲ.

ಆಷಾಢದಲ್ಲಿ ನಿಮ್ಮ ಅಕ್ಕ ಆಂಡಾಳ್ ಬರೆದ ಕಾಗದ ನನ್ನ ಕೈಗೆ ಸಿಕ್ಕಿದ್ದು ನಿಮ್ಮ ಕೋಟಿನ ಜೇಬಿನಲ್ಲಿ. ಒಗೆಯಲು ಹಾಕುವ ಮುಂಚೆ ಜೇಬು ನೋಡುವುದು ನನ್ನ ಅಭ್ಯಾಸ. ಮದುವೆಯಾಗಿ ಒಂಬತ್ತು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ, ಮೇಲುಕೋಟೆಯಲ್ಲಿ ಒಳ್ಳೆಯ ಕಡೆಯ ಹುಡುಗಿಯಿದ್ದಾಳೆ, ಪಂಕಜ ಗಲಾಟೆ ಮಾಡುವ ಹೆಂಗಸಲ್ಲ ಎಂದಿತ್ತು. ನಾನು ಗಲಾಟೆ ಮಾಡಲಿಲ್ಲ. ಮಾತು ನಿಲ್ಲಿಸಿದೆ. ಏನಾಯಿತೆಂದು ಎರಡು ದಿನ ಕೇಳಿದಿರಿ, ಮೂರನೆಯ ದಿನ ನೀವೂ ನಿಲ್ಲಿಸಿದಿರಿ. ಊಟಕ್ಕೆ ಏಳಿ ಎನ್ನುವುದಕ್ಕೆ ನಾನು ನೀರಿನ ಲೋಟವನ್ನು ನೆಲಕ್ಕೆ ಜೋರಾಗಿ ಇಡುವುದು, ಸಾಕು ಎನ್ನುವುದಕ್ಕೆ ನೀವು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು. ಇಬ್ಬರೇ ಇರುವ ಮನೆ ಹೀಗೂ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು.

ಆ ಶುಕ್ರವಾರ ನವರಾತ್ರಿಯ ನಾಲ್ಕನೆಯ ದಿನ. ಹಸ್ತೆ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ನಾಲೆ ಏರಿ ಕಾವಲಿನ ಚಿಕ್ಕಬೋರಯ್ಯ ಮುಂಬಾಗಿಲಿಗೆ ಬಂದ. ತಲೆಯ ಮೇಲೆ ಗೋಣಿಯ ಕೊಪ್ಪೆ, ಮೊಣಕಾಲಿನವರೆಗೆ ಕೆಂಪು ಕೆಸರು. ಹೆಂಚಿನ ಮೇಲೆ ಮಳೆಯ ಸದ್ದಿಗೆ ಅವನು ಕೂಗಿಯೇ ಮಾತಾಡಬೇಕಾಯಿತು.

"ಅಮ್ಮಾವ್ರೆ, ಬುದ್ಯೋರ್ಗೆ ಒಂದ್ಮಾತು ಯೋಳ್ಬುಡಿ. ಆಲದ್ಮರದ ತಿರ್ವಲ್ಲಿ ಏರಿ ಬೆವರ್ತಾ ಅದೆ. ಬೆಳಗ್ಗೆ ತಿಳಿನೀರು ಬತ್ತಿತ್ತು, ನಾನೂ ಬುಡು ಅಂತಿದ್ದೆ. ಈಗ ಕೆನ್ನೀರು ಬತ್ತಾ ಅದೆ. ಒಳ್ಗೆ ಮಣ್ಣ ತಿಂತಾ ಅದೆ ಕಣಮ್ಮ. ತಲೆತೂಬು ಇಳಿಸ್ದೆ ಓದ್ರೆ ನಿಲ್ಲಾಕಿಲ್ಲ."

ಅವನ ಕೆಲಸ ನೀವು ಕಂಡಿದ್ದೀರಿ. ಗುದ್ದಲಿ, ಮಂಕರಿ ಹೊತ್ತುಕೊಂಡು ಏರಿಯುದ್ದಕ್ಕೂ ಬಗ್ಗಿ ನಡೆಯುತ್ತ ಒಂದೊಂದು ಏಡಿಬಿಲವನ್ನೂ ಅಗೆದು, ಜೇಡಿಮಣ್ಣು ತುಂಬಿ ದಮ್ಮಸು ಮಾಡುತ್ತಿದ್ದ. ಏರಿಯ ಮೇಲೆ ಒಂದು ಪೊದೆ ಎದ್ದರೂ ಬೇರು ಸಮೇತ ಕೀಳುತ್ತಿದ್ದ. ಬೇರು ಕೊಳೆತರೆ ಅದೇ ದಾರಿಯಲ್ಲಿ ನೀರು ನುಗ್ಗುತ್ತದೆ ಎಂದು ಒಮ್ಮೆ ನನಗೂ ವಿವರಿಸಿದ್ದ. ಸುಮ್ಮಸುಮ್ಮನೆ ಹೆದರುವ ಮನುಷ್ಯನಲ್ಲ.

ಹಜಾರದ ಬಾಗಿಲು ತೆರೆದಿತ್ತು. ನಾಲೆಗೆ ನೀರು ಬಿಡುವ ತಲೆತೂಬಿನ ಬೀಗದ ಕೈ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ನಾನೂ ನೋಡಿದೆ. ಓವರ್ಸಿಯರಾದ ನಿಮ್ಮ ಅಪ್ಪಣೆಯಿಲ್ಲದೆ ತೂಬು ಇಳಿಸಿ ಕೆಳಗಿನ ಊರುಗಳಿಗೆ ನೀರು ನಿಲ್ಲಿಸಿದರೆ ಅವನ ಕೆಲಸ ಹೋಗುತ್ತದೆ. ಕೊಡಿ ಎಂದು ಅವನು ಬಾಯಿ ಬಿಡಲಿಲ್ಲ, ತಗೋ ಎಂದು ನಾನೂ ಅನ್ನಲಿಲ್ಲ.

"ಹೇಳ್ತೀನಿ, ಹೋಗು" ಎಂದೆ.

"ಯೋಳ್ಬುಡಿ ಅಮ್ಮಾವ್ರೆ, ಮರೀಬ್ಯಾಡಿ. ನಾನು ಅಲ್ಲೇ ಇರ್ತೀನಿ" ಎಂದು ಹೊರಟ.

ಹೇಳಲಿಲ್ಲ. ರಾತ್ರಿ ಎಂಟಕ್ಕೆ ಎಲೆ ಹಾಕಿದೆ. ಹುಳಿ, ಹಪ್ಪಳ, ಮಜ್ಜಿಗೆ. ನೀವು ಎರಡು ಸಲ ತಲೆಯೆತ್ತಿ ನನ್ನ ಕಡೆ ನೋಡಿದಿರಿ. ನಾನು ಮಜ್ಜಿಗೆಯ ಪಾತ್ರೆಯನ್ನು ನೋಡುತ್ತಿದ್ದೆ.

ಶನಿವಾರ ಬೆಳಕು ಹರಿಯುವಾಗ ದೂರದಲ್ಲಿ ಕಲ್ಲು ತುಂಬಿದ ಗಾಡಿ ಇಳಿಜಾರಿನಲ್ಲಿ ಉರುಳಿದ ಹಾಗೆ ಸದ್ದಾಯಿತು. ನೀವು ಬರಿಗಾಲಿನಲ್ಲೇ ಓಡಿದಿರಿ. ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಪ್ಪತ್ತು ಅಡಿ ಏರಿ ಹೋಗಿತ್ತು. ಮೂರು ಊರಿನ ಗದ್ದೆ, ಹಾಲು ತುಂಬುತ್ತಿದ್ದ ಭತ್ತ, ಎಲ್ಲದರ ಮೇಲೂ ಮೊಣಕೈ ಆಳ ಮಣ್ಣು. ಚಿಕ್ಕಬೋರಯ್ಯ ಭಾನುವಾರ ಸಿಕ್ಕ, ಎರಡು ಮೈಲಿ ಕೆಳಗೆ ಒಂದು ಮೋರಿಯ ಬಾಯಲ್ಲಿ. ರಾತ್ರಿಯೆಲ್ಲ ಹುಲ್ಲು, ಗೋಣಿ, ಮಣ್ಣು ತಂದು ಆ ತೂತಿಗೆ ತುಂಬಿದ್ದಿರಬೇಕು. ಕೈಯ ಉಗುರುಗಳಲ್ಲೆಲ್ಲ ಜೇಡಿಮಣ್ಣು ಹೊಕ್ಕಿತ್ತೆಂದು ಹೆಣ ತೊಳೆದವರು ಹೇಳಿದರು.

ನೀವು ಹೇಳಿಕೆ ಬರೆದುಕೊಟ್ಟು, ಮೈಗೆ ಸರಿಯಿಲ್ಲ ಎಂದು ವೈದ್ಯರ ಚೀಟಿ ಲಗತ್ತಿಸಿ ಮೈಸೂರಿಗೆ ಹೋದಿರಿ. ಅದರಲ್ಲಿ ಏನಿತ್ತೆಂದು ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಕಾವಲುಗಾರನು ಯಾವ ಸೂಚನೆಯನ್ನೂ ಕೊಡಲಿಲ್ಲ, ಕರ್ತವ್ಯದ ವೇಳೆ ನಿದ್ರಿಸಿದ್ದಿರಬೇಕು. ಇಷ್ಟೇ. ಇಷ್ಟು ಸಾಕಾಯಿತು. ನಾಲೆಗೆ ನೀರಿಗೆ ಬರುವ ಹೆಂಗಸರು ಅವನ ಹೆಂಡತಿ ಮಲ್ಲಿಗಮ್ಮ ಬಂದರೆ ಕೊಡ ಎತ್ತಿಕೊಂಡು ಮೇಲೆ ಹೋಗುತ್ತಿದ್ದರು. ಗದ್ದೆ ಕಳೆದುಕೊಂಡ ತಿಮ್ಮಯ್ಯ ಅವಳ ಗುಡಿಸಲಿನ ಮುಂದೆಯೇ ನಿಂತು, "ಕಾವ್ಲಿರೋನೇ ಮಲೀಕಂಡ್ರೆ ಏರಿ ಏನ್ ಮಾಡೀತಲಾ, ಅದೂ ಮಲೀಕತ್ತದೆ" ಎಂದು ಯಾರಿಗೋ ಹೇಳುವವನ ಹಾಗೆ ಹೇಳಿ ಹೋದ. ಗುಡಿಸಲು ನಾಲೆಯ ಜಾಗದಲ್ಲಿದೆ. ತಪ್ಪು ಅವನದೆಂದು ತೀರ್ಮಾನವಾದರೆ ಅವಳು ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎದ್ದು ಹೋಗಬೇಕಿತ್ತು.

ಇಷ್ಟೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ಅಳು ಬರಲಿಲ್ಲ. ಭಯವೂ ಆಗಲಿಲ್ಲ. ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದೆ, ಹಾಲು ಕಾಯಿಸುತ್ತಿದ್ದೆ. ಒಂದು ದಿನ ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸಿಬಿಟ್ಟೆ. ಕೈ ಬೊಕ್ಕೆ ಎದ್ದದ್ದನ್ನು ಸಂಜೆ ನೋಡಿದೆ.

ದೀಪಾವಳಿ ಕಳೆದ ಮೇಲೆ ಮಲ್ಲಿಗಮ್ಮ ನಮ್ಮ ಕೊಟ್ಟಿಗೆ ಬಳಿಯಲು ಮತ್ತೆ ಬಂದಳು. ಬರಬೇಡ ಎಂದು ನಾನು ಹೇಳಿರಲಿಲ್ಲ, ಬಾ ಎಂದೂ ಹೇಳಿ ಕಳಿಸಿರಲಿಲ್ಲ. ಸಗಣಿ ಬಾಚಿ, ನೆಲ ತೊಳೆದು, ಪೊರಕೆ ಮೂಲೆಗಿಟ್ಟು, ಹಿತ್ತಲ ಬಾಗಿಲಿನ ಹೊರಗೆ ನಿಂತಳು.

"ಅಮ್ಮಾವ್ರೆ, ಒಂದ್ ಮಾತು ಕೇಳ್ತೀನಿ. ಊರೋರ್ಗೆ ಯೋಳ್ಬ್ಯಾಡಿ, ಸಾಯೇಬ್ರಿಗೂ ಬ್ಯಾಡ. ನಂಗೊಬ್ಳಿಗೆ ಯೋಳಿ. ಅವತ್ತು ನಮ್ಮನೆಯವ್ರು ಇಲ್ಲಿಗೆ ಬಂದಿದ್ರಾ?"

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಅವಳೇ ಅಂದಳು.

"ಮೂರ್ಸಂಜೆವರ್ಗೂ ನಾನೂ ಜೊತೇಲಿ ಮಣ್ಣ ಒತ್ತಿವ್ನಿ. ಅವ್ರೇ, ಅಮ್ಮಾವ್ರಿಗೆ ಯೋಳಿವ್ನಿ, ಬುದ್ಯೋರು ಬತ್ತಾರೆ ಕಣೆ, ನೀನು ಓಗಿ ಮಕ್ಳಿಗೆ ಇಟ್ಟಿಕ್ಕು ಅಂತ ಕಳ್ಸುದ್ರು. ಈಗ ಎಲ್ರೂ ಅಂದೂ ಅಂದೂ ನಂಗೇ ಅನ್ಮಾನ ಬಂದ್ಬುಟ್ಟದೆ. ಮಳೇಲಿ ಇಷ್ಟ್ ದೂರ ಯಾಕೆ ಅಂತ ಮರದ ಬುಡ್ದಲ್ಲೇ ಕುಂತಿದ್ದು ಬಂದು ನಂಗೆ ಸುಳ್ಳೇಳುದ್ರಾ ಅಂತವ."

ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಹೊಸ್ತಿಲನ್ನು ನೋಡುತ್ತಿದ್ದಳು. ಸತ್ತ ಗಂಡನ ಮೇಲೆ ಅನುಮಾನ ಹುಟ್ಟಿದ್ದಕ್ಕೆ ಅವಳಿಗೇ ನಾಚಿಕೆಯಾದಂತಿತ್ತು.

"ಬಂದಿದ್ದ. ಮೂರು ಗಂಟೆಗೆ ಬಂದಿದ್ದ. ಕೆನ್ನೀರು ಬರ್ತಿದೆ, ತಲೆತೂಬು ಇಳಿಸಬೇಕು ಅಂತ ಹೇಳಿ ಹೋದ" ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ ನಾನು ಅದನ್ನು ನಿಮಗೆ ಹೇಳಿದೆನೇ ಎಂದು ಅವಳಿಗೆ ಕೇಳಬೇಕೆಂದೇ ತೋಚಲಿಲ್ಲ. ನಾನು ಹೇಳಿದ್ದೇನೆಂದೇ ಅವಳು ನಂಬಿದ್ದಳು. ಹಗ್ಗದ ಮೇಲಿದ್ದ ನನ್ನ ಸೀರೆ ಮಣ್ಣಿಗೆ ಬಿದ್ದಿತ್ತು, ಎತ್ತಿ ಕೊಡವಿ ಮತ್ತೆ ಹಗ್ಗಕ್ಕೆ ಹಾಕಿ ಹೋದಳು.

ಅದಾದ ಮೂರನೆಯ ದಿನಕ್ಕೆ ನಿಮ್ಮ ಕಾಗದ ಬಂತು.

ವಿಚಾರಣೆ ನಡೆದದ್ದು ಕ್ಯಾಂಪಿನ ವರಾಂಡದಲ್ಲಿ. ದೊಡ್ಡ ಸಾಹೇಬರು ಮೇಜಿನ ಹಿಂದೆ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತರು. ಕೆಳಗೆ ಅಂಗಳದಲ್ಲಿ ಮೂರು ಊರಿನ ಗಂಡಸರು. ಮಲ್ಲಿಗಮ್ಮನನ್ನು ಮೊದಲು ಕರೆದರು. ತನ್ನ ಗಂಡ ಓವರ್ಸಿಯರ ಮನೆಗೆ ಹೋಗಿ ಹೇಳಿ ಬಂದಿದ್ದ ಎಂದಳು. ನೋಡಿದವರು ಯಾರು ಎಂದು ಕೇಳಿದರು. ಅವಳು ಒಂದು ಸಲ ನನ್ನ ಕಡೆ ತಿರುಗಿದಳು. ನಾನು ಬೇಲಿಯ ಹತ್ತಿರ ಸೆರಗು ಹೊದ್ದು ನಿಂತಿದ್ದೆ. ಊರೋರ್ಗೆ ಯೋಳ್ಬ್ಯಾಡಿ ಎಂದು ತಾನೇ ಹೇಳಿದ್ದಳಲ್ಲ, "ಯಾರೂ ಇಲ್ಲ ಬುದ್ಧಿ" ಎಂದುಬಿಟ್ಟಳು.

ಆಗ ನಾನು ಮೆಟ್ಟಿಲು ಹತ್ತಿದೆ. ಧೈರ್ಯದಿಂದ ಹತ್ತಿದೆ ಎಂದು ನಾಳೆ ಯಾರಾದರೂ ಹೇಳಿದರೆ ನಂಬಬೇಡಿ. ಕಾಲು ತಾನೇ ನಡೆಯಿತು. ಸಾಹೇಬರು ಒಳ್ಳೆಯವರು, ಎದ್ದು ನಿಂತು ಕುರ್ಚಿ ಹಾಕಿಸಿದರು. ಕೂರಲಿಲ್ಲ. ನಾನು ರಾಮಾನುಜಯ್ಯಂಗಾರ್ಯರ ಮನೆಯವಳು, ಶುಕ್ರವಾರ ಮೂರು ಗಂಟೆಗೆ ಚಿಕ್ಕಬೋರಯ್ಯ ಬಂದಿದ್ದ, ಇಂಥಿಂಥ ಮಾತು ಹೇಳಿದ ಎಂದೆ. ಅವನು ಹೇಳಿದ ಮಾತನ್ನು ಅವನು ಹೇಳಿದ ಹಾಗೆಯೇ ಹೇಳಿದೆ.

ಓವರ್ಸಿಯರು ಆಗ ಎಲ್ಲಿದ್ದರು ಎಂದು ಕೇಳಿದರು. ಮಳವಳ್ಳಿಗೆ ಹೋಗಿದ್ದೆ, ದೀಪ ಹಚ್ಚುವ ಹೊತ್ತಿಗೆ ಬಂದೆ ಎಂದು ನಿಮ್ಮ ಹೇಳಿಕೆಯಲ್ಲಿತ್ತು. ನಾನೂ ಅಷ್ಟನ್ನೇ ಹೇಳಿದೆ.

"ಬಂದ ಮೇಲೆ ತಿಳಿಸಿದಿರಾ ತಾಯಿ?"

"ಇಲ್ಲ."

"ಯಾಕೆ?"

"ಮರೆತೆ. ಹಬ್ಬದ ಗಡಿಬಿಡಿ" ಎಂದೆ. ನಮ್ಮ ಮನೆಯಲ್ಲಿ ಈ ವರ್ಷ ಬೊಂಬೆಯೇ ಕೂರಿಸಿರಲಿಲ್ಲ ಎನ್ನುವುದು ಅವರಿಗೆ ಹೇಗೆ ಗೊತ್ತಾಗಬೇಕು. ಗುಮಾಸ್ತರು ಬರೆದುಕೊಂಡು ಓದಿ ಹೇಳಿದರು. ರುಜು ಹಾಕಿದೆ. ಅಕ್ಷರ ಗುಂಡಗೆ ಬಂದವು.

ಮಲ್ಲಿಗಮ್ಮ ಮೆಟ್ಟಿಲ ಕೆಳಗೇ ಇದ್ದಳು. "ಯೋಳ್ನಿಲ್ವಾ ಅಮ್ಮಾವ್ರೆ?" ಎಂದಳು. ಕೂಗಲಿಲ್ಲ. ದಾರಿಯಲ್ಲಿ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವ ದನಿ.

"ಇಲ್ಲ ಮಲ್ಲಿಗಮ್ಮ."

"ಅವ್ರು ಕಾಯ್ತಾ ಇದ್ರು" ಎಂದಳು. ಅಷ್ಟೇ ಅಂದು ಮಕ್ಕಳ ಕೈ ಹಿಡಿದುಕೊಂಡು ಹೊರಟಳು. ಅಂಗಳದ ಗಂಡಸರು ಅವಳಿಗೆ ದಾರಿ ಬಿಟ್ಟು ನಿಂತರು. ನಾನು ಬಂದಾಗಲೂ ಬಿಟ್ಟರು, ಆದರೆ ಅದು ಬೇರೆ ರೀತಿ.

ಸಾಹೇಬರು ಶುಕ್ರವಾರವೇ ತೀರ್ಮಾನ ತಿಳಿಸಿ ಹೋದರು. ಕಾವಲುಗಾರ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆ, ಕೆಲಸದ ಮೇಲೆಯೇ ಸತ್ತಿದ್ದಾನೆ. ಸುದ್ದಿ ಓವರ್ಸಿಯರಿಗೆ ಮುಟ್ಟಲಿಲ್ಲ, ಆದ್ದರಿಂದ ಅವರ ಮೇಲೆ ದೋಷವಿಲ್ಲ. ನಿಮ್ಮನ್ನು ಬೇರೆ ಸೆಕ್ಷನ್ನಿಗೆ ಹಾಕುತ್ತಾರಂತೆ. ಆರ್ಡರು ನಿಮಗೆ ಬರುತ್ತದೆ. ಚಿಕ್ಕಬೋರಯ್ಯನ ತಮ್ಮ ಜವರಯ್ಯನನ್ನು ಏರಿ ಕಾವಲಿಗೆ ತೆಗೆದುಕೊಂಡಿದ್ದಾರೆ. ಗುಡಿಸಲು ಅವರಿಗೇ ಉಳಿಯಿತು. ಅವತ್ತೇ ಸಂಜೆ ತಿಮ್ಮಯ್ಯ ಅಲ್ಲಿಗೆ ಹೋಗಿದ್ದನಂತೆ. ಬಾಗಿಲ ಹೊರಗೆ ಬಹಳ ಹೊತ್ತು ನಿಂತು, "ನನ್ ನಾಲ್ಗೆಗೆ ಮಣ್ಣಾಕ, ಏನೇನೋ ಅಂದ್ಬುಟ್ಟೆ ಕಣವ್ವ" ಎಂದನಂತೆ. ಅವಳು ಒಂದು ಮಣೆ ತಂದು ಹಾಕಿದಳಂತೆ. ನಮಗೆ ಹಾಲು ಕೊಡುವ ಸೋಮಮ್ಮ ಇದನ್ನು ಹೇಳಿದಳು. ಹೇಳಿ, ನಾಳೆಯಿಂದ ಹಾಲು ತರುವುದಿಲ್ಲ ಎಂದಳು. ಎಮ್ಮೆ ಹಾಲು ಬಿಟ್ಟಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಅವಳ ಗಂಡನ ಮುಕ್ಕಾಲು ಎಕರೆ ಇನ್ನೂ ಮಣ್ಣಿನಡಿ ಇದೆ.

ನಾಲೆಯಲ್ಲಿ ಈಗ ನೀರಿಲ್ಲ. ಒಡೆದ ಜಾಗಕ್ಕೆ ಹೊಸ ಏರಿ ಹಾಕುತ್ತಿದ್ದಾರೆ. ಹಳೆಯ ಏರಿಯ ಎರಡು ತುದಿಯನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗೇಣು ಗೇಣು ಮಣ್ಣು ಹಾಸಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಅದರ ಮೇಲೆ ಇನ್ನೊಂದು ಗೇಣು. ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ. ಮಂಕರಿ ಹೊತ್ತ ಹೆಂಗಸರ ಸಾಲಿನಲ್ಲಿ ಮಲ್ಲಿಗಮ್ಮನೂ ಇದ್ದಾಳೆ. ನಮ್ಮ ಕೊಟ್ಟಿಗೆಗೆ ಬರುವುದಿಲ್ಲ. ನಾನೇ ಬಳಿಯುತ್ತೇನೆ.

ಹೊಸ ಓವರ್ಸಿಯರು ಡಿಸೆಂಬರ್ ಒಂದಕ್ಕೆ ಬರುತ್ತಾರೆ. ಅಷ್ಟರಲ್ಲಿ ಮನೆ ಖಾಲಿ ಮಾಡುತ್ತೇನೆ. ನಿಮ್ಮ ಬಟ್ಟೆ, ಪುಸ್ತಕ, ಅಳತೆಯ ಸಾಮಾನು ಎರಡು ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದೇನೆ. ಕಸ್ತೂರಿರಂಗನನ್ನು ಕಳಿಸಿ. ಹಸುವನ್ನು ಮಲ್ಲಿಗಮ್ಮನಿಗೆ ಕೊಡಲು ಹೋದೆ, ಬೇಡ ಎಂದಳು. ಜವರಯ್ಯನನ್ನು ಕೇಳಿದೆ, ಅತ್ತಿಗೆ ಬೇಡ ಅಂದ ಮೇಲೆ ತನಗೂ ಬೇಡ ಎಂದ. ಮದ್ದೂರಿನ ಸಂತೆಗೆ ಹೊಡೆಸುತ್ತೇನೆ.

ಮೈಸೂರಿಗೆ ಬರುವುದಿಲ್ಲ. ಮಳವಳ್ಳಿಯಲ್ಲಿ ನನ್ನ ಸೋದರತ್ತೆ ಗೋದಮ್ಮ ಒಬ್ಬರೇ ಇದ್ದಾರೆ. ಕಣ್ಣು ಮಂಜಾಗಿ ಪಾರಾಯಣಕ್ಕೆ ಓದಿ ಹೇಳುವವರು ಬೇಕಂತೆ. ಅಲ್ಲಿಗೆ ಹೋಗುತ್ತೇನೆ. ಹೆಣ್ಣುಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕರೂ ಸಿಗಬಹುದು, ಸಿಗದಿದ್ದರೂ ಆಗುತ್ತದೆ. ಮೈಸೂರಿನ ಅತ್ತೆಯವರಿಗೆ ಬೇರೆ ಕಾಗದ ಬರೆದು ಇದರ ಜೊತೆ ಇಟ್ಟಿದ್ದೇನೆ. ಮೇಲುಕೋಟೆಯ ಸಂಬಂಧಕ್ಕೆ ನನ್ನ ಅಡ್ಡಿಯಿಲ್ಲ. ಕೋಪದಿಂದ ಬರೆದದ್ದಲ್ಲ. ಕೋಪವನ್ನು ಹುಡುಕಿ ನೋಡಿದೆ, ಸಿಗಲಿಲ್ಲ. ಆ ಹುಡುಗಿಯ ಜೊತೆ ಮಾತಾಡುತ್ತ ಇರಿ. ಏನಾದರೂ ಸರಿ, ಮಳೆ ಬಿಸಿಲು ಅಂತಲಾದರೂ.

ಚಳಿ ಬೀಳುತ್ತಿದೆ. ನಿಮ್ಮ ಉಣ್ಣೆಯ ಶಾಲು ದೊಡ್ಡ ಪೆಟ್ಟಿಗೆಯಲ್ಲಿ ಮೇಲೆಯೇ ಇದೆ.

ಇಂತು,
ಪಂಕಜ

ಮರೆತ ಮಾತು: ಅತ್ತೆಯವರ ಮುಂದೆ ಈ ಕಾಗದ ಓದುವುದಾದರೆ ಇಲ್ಲಿಗೆ ನಿಲ್ಲಿಸಿ. ಆ ಶುಕ್ರವಾರ ನೀವು ಮಳವಳ್ಳಿಗೆ ಹೋಗಿರಲಿಲ್ಲ. ನಡುಮನೆಯ ಮಂಚದ ಮೇಲಿದ್ದಿರಿ. ಚಿಕ್ಕಬೋರಯ್ಯ ಬೇಲಿ ದಾಟಿದ ಮೇಲೆ ನೀವು ನಶ್ಯದ ಡಬ್ಬಿಯನ್ನು ಬೆರಳಿನಿಂದ ಎರಡು ಸಲ ತಟ್ಟಿದ್ದು ಆ ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದೀರಿ, ಇನ್ನು ನಾನೇಕೆ ಬಾಯಿ ಬಿಡಲಿ, ಈಗ ಏಳುತ್ತೀರಿ ಎಂದು ಬಾಗಿಲ ಈಚೆ ನಿಂತಿದ್ದೆ. ನಾನಾಗಿ ಬಂದು ಹೇಳಲಿ ಎಂದು ನೀವು ಮಲಗಿಯೇ ಇದ್ದಿರಿ. ಊಟಕ್ಕೆ ಕೂತಾಗಲೂ ಅದನ್ನೇ ಕಾಯುತ್ತಿದ್ದಿರಿ ಎಂದು ಈಗ ಅನ್ನಿಸುತ್ತದೆ. ಇದನ್ನು ಸಾಹೇಬರಿಗೆ ಹೇಳಲಿಲ್ಲ. ನಿಮ್ಮನ್ನು ಉಳಿಸಲು ಹಾಗೆ ಮಾಡಿದೆ ಎಂದುಕೊಳ್ಳಬೇಡಿ. ಹೇಳಿದ್ದರೆ ಅವರು, ಗಂಡ ಒಳಗೇ ಇದ್ದರೆ ನಾಲ್ಕು ಹೆಜ್ಜೆ ಹೋಗಿ ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳುತ್ತಿದ್ದರು. ಮಲ್ಲಿಗಮ್ಮ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳೆದುರಿಗೆ ಅದಕ್ಕೆ ಉತ್ತರ ಹೇಳಲು ನನ್ನಿಂದ ಆಗುತ್ತಿರಲಿಲ್ಲ.